ಬದನೆಕಾಯಿ ಬಣ್ಣದ ಸುಳ್ಳು ಮೀನು

ಬಣ್ಣದ ವಿಷಯದಲ್ಲಿ ನನ್ನ ತೀರ್ಮಾನ ತಪ್ಪುವುದಿಲ್ಲ ಎಂಬ ನಂಬಿಕೆ ನನಗೆ ಮೊದಲಿನಿಂದಲೂ ಇತ್ತು. ಬೆಂಗಳೂರಿನ ಪತ್ರಿಕೆಯೊಂದರ ಸುದ್ದಿ ಡೆಸ್ಕಿನಲ್ಲಿ ಬಹುಕಾಲ ದುಡಿದವನು ನಾನು. ಎರಡು ಮೂಲಗಳಿಂದ ಖಚಿತವಾಗದ ಹೊರತು ಒಂದು ಸಾಲನ್ನೂ ಅಚ್ಚಿಗೆ ಬಿಟ್ಟವನಲ್ಲ. ಅಂಥ ಶಿಸ್ತಿನ ಮನುಷ್ಯನಿಗೆ ಒಂದು ಬಣ್ಣ ಆರಿಸುವುದು ಯಾವ ಮಹಾ ಕೆಲಸ? ನಾನು ನೋಡಿಕೊಳ್ಳುತ್ತಿದ್ದ ಪುಟಗಳೆಲ್ಲ ಕಪ್ಪು ಬಿಳುಪಿನವು ಎಂಬುದು ಬೇರೆ ಮಾತು.

ಈಗ ನಾವಿರುವುದು ಟೋಕಿಯೋದ ಕೋಟೋದಲ್ಲಿ, ಸಮುದ್ರದ ಗಾಳಿ ಬೀಸುವ ಒಂದು ಬಹುಮಹಡಿ ಕಟ್ಟಡದಲ್ಲಿ. ನನ್ನ ಹೆಂಡತಿ ಶೈಲಾ ಸಾಫ್ಟ್‌ವೇರ್ ಕಂಪನಿಯ ಕೆಲಸದ ಮೇಲೆ ಬಂದವಳು. ನಾನು ಅವಳ ವೀಸಾದ ಮೇಲೆ ಬಂದವನು. ಮಗಳು ಇಂಚರಾ ಇಲ್ಲಿನ ಶಾಲೆಗೆ ಹೋಗುತ್ತಾಳೆ. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಜಪಾನಿ ಭಾಷೆಯಲ್ಲಿ ಬರುತ್ತದೆ. ಇದು ಮುಂದೆ ಮುಖ್ಯವಾಗುತ್ತದೆ.

ಕೊರೋನಾ ಬಂದು ಎಲ್ಲರೂ ಮನೆಯೊಳಗೆ ಕುಳಿತ ದಿನಗಳವು. ಮಾಸ್ಕ್ ಎಲ್ಲೂ ಸಿಗದಿದ್ದಾಗ ನಮ್ಮ ಪಕ್ಕದ ಮನೆಯ ನಾಕಾಗಾವಾ-ಸಾನ್ ಬೆಳಗಾಗುವ ಮೊದಲೇ ಔಷಧಿ ಅಂಗಡಿಯ ಮುಂದೆ ನಿಂತು, ತಮಗೆ ಸಿಕ್ಕಿದ್ದರಲ್ಲಿ ಅರ್ಧವನ್ನು ಚೀಲಕ್ಕೆ ಹಾಕಿ ನಮ್ಮ ಬಾಗಿಲ ಹಿಡಿಗೆ ತೂಗುಹಾಕಿ ಹೋಗಿದ್ದರು. ನಿವೃತ್ತರು, ಒಬ್ಬರೇ ಇರುವವರು, ಮಾತು ಕಡಿಮೆ. ಅಂದಿನಿಂದ ಎರಡು ಮನೆಗಳ ಸಂಬಂಧ ಬಾಗಿಲ ಹಿಡಿಗಳ ಮೂಲಕವೇ ನಡೆಯುತ್ತಿತ್ತು. ಶೈಲಾ ಕೋಡುಬಳೆ ತೂಗುಹಾಕಿದರೆ ಅವರು ಮೂಲಂಗಿ ತೂಗುಹಾಕುತ್ತಿದ್ದರು. ಇವಳು ಚಕ್ಕುಲಿ ಎಂದರೆ ಅವರು ಕಿತ್ತಳೆ. ನಾವು ಮಾಂಸ ತಿನ್ನುವುದಿಲ್ಲವೆಂದು ಒಮ್ಮೆ ನಾನು ತಿಳಿಸಿದ್ದೆ. ಅವರು ಬಹಳ ಗೌರವದಿಂದ ತಲೆಯಾಡಿಸಿದರು. ಮರುದಿನ ಒಣಮೀನು ತೂಗುಹಾಕಿದರು! ಅವರ ಲೆಕ್ಕದಲ್ಲಿ ಮೀನು ಮಾಂಸವಲ್ಲ, ಮೀನು.

ಶೈಲಾ ಆ ಚೀಲವನ್ನು ಇಕ್ಕಳದಲ್ಲಿ ಹಿಡಿದು ಕೆಳಗಿನ ಮಹಡಿಯ ಬಂಗಾಳಿ ಮನೆಗೆ ದಾಟಿಸಿದಳು. ಎರಡು ದಿನದ ನಂತರ ಲಿಫ್ಟಿನಲ್ಲಿ ಸಿಕ್ಕ ನಾಕಾಗಾವಾ-ಸಾನ್‌ಗೆ, "ತುಂಬಾ ರುಚಿಯಾಗಿತ್ತು" ಎಂದು ನಾನು ಹೇಳಿಕೆ ನೀಡಿದೆ. ಮುಂದಿನದೆಲ್ಲ ಆ ಹೇಳಿಕೆಯ ಪರಿಣಾಮ.

ಶರತ್ಕಾಲದಲ್ಲಿ ಒಂದು ದಿನ ಅವರು ಬಾಗಿಲಿಗೇ ಬಂದರು. ಎರಡು ಮೀಟರ್ ದೂರ ನಿಂತು, ಬಗ್ಗಿ, "ಮೂರ್ತಿ-ಸಾನ್, ನೀವು ಮನೆಯೊಳಗೇ ಇರುತ್ತೀರಿ. ಶನಿವಾರ ಸಂಜೆ ಕುಜುಕುರಿ ಕಡಲತೀರಕ್ಕೆ ಹೋಗೋಣ. ಅಲ್ಲಿ ಜನ ಇರುವುದಿಲ್ಲ, ಗಾಳಿ ಇರುತ್ತದೆ. ಸುಜುಕಿ ಹಿಡಿಯೋಣ" ಎಂದರು.

ಸುಜುಕಿ ಒಂದು ಮೀನು. ನಾಲ್ಕು ಚಕ್ರವಿಲ್ಲ, ವಿಚಾರಿಸಿದೆ. ಕತ್ತಲಾದ ಮೇಲೆ ಅಲೆಗಳ ಜೊತೆ ದಡದ ಹತ್ತಿರಕ್ಕೆ ಬರುತ್ತದಂತೆ. ಹಿಡಿಯುವುದು ಲ್ಯೂರ್ ಎಂಬ ಪ್ಲಾಸ್ಟಿಕ್ಕಿನ ಸುಳ್ಳು ಮೀನಿನಿಂದ. ಕೋಲು, ದಾರ, ಬೂಟು ಎಲ್ಲ ಅವರದೇ. "ಲ್ಯೂರ್ ಮಾತ್ರ ನೀವೇ ತನ್ನಿ. ಬಣ್ಣ ಅವರವರೇ ಆರಿಸಬೇಕು. ಬಣ್ಣದಲ್ಲೇ ಎಲ್ಲ ಇರುವುದು" ಎಂದರು. ಆ ಮನುಷ್ಯ ಒಂದೇ ಉಸಿರಿನಲ್ಲಿ ಇಷ್ಟು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಒಪ್ಪಿಕೊಂಡೆ.

ಒಳಗೆ ಬಂದರೆ ಶೈಲಾ ಗೊಂಬೆಯ ಮೆಟ್ಟಿಲುಗಳಿಗೆ ಬಿಳಿ ಬಟ್ಟೆ ಹಾಸುತ್ತಿದ್ದಳು.

"ಶನಿವಾರ? ನವರಾತ್ರಿಲಿ? ಮೀನು ಹಿಡಿಯೋಕೆ ಹೋಗ್ತೀರಾ?"

"ಮಾಸ್ಕ್ ಕೊಟ್ಟ ಮನುಷ್ಯ ಶೈಲಾ."

"ಮಾಸ್ಕ್ ಕೊಟ್ರು ಅಂತ ಮೀನು ಹಿಡಿಯೋದಾ? ನಾವು ತಿನ್ನಲ್ಲ ಅಂತ ಸ್ಟ್ರೇಟಾಗಿ ಹೇಳಿ."

"ರುಚಿಯಾಗಿತ್ತು ಅಂತ ಹೇಳಿಬಿಟ್ಟಿದೀನಲ್ಲ. ಈಗ ಹೇಳಿದ್ರೆ ಅವತ್ತು ಸುಳ್ಳು ಹೇಳಿದ್ದೆ ಅಂತಾಗುತ್ತೆ. ಇನ್ಯಾವತ್ತೂ ನಮ್ಮ ಬಾಗಿಲ ಕಡೆ ನೋಡಲ್ಲ ಅವರು."

ಶೈಲಾ ಪಟ್ಟದ ಗೊಂಬೆಯನ್ನು ಎತ್ತಿ ಹಿಡಿದು, ಅದರ ಸಾಕ್ಷಿಯಾಗಿ ಎರಡು ಷರತ್ತು ಹಾಕಿದಳು. "ನಿಮ್ ಕೈಯಿಂದ ಒಂದು ಮೀನೂ ಸಾಯ್ಬಾರ್ದು. ಗೊಂಬೆ ಕೂತಿರೋ ಮನೆಯೊಳಗೆ ಮೀನು ಬರ್ಬಾರ್ದು. ಅವರಿಗೆ ಬೇಜಾರೂ ಆಗ್ಬಾರ್ದು. ಆಮೇಲೆ ನಿಮ್ಮಿಷ್ಟ."

ಎಣಿಸಿದರೆ ಮೂರು. ನಾನು ಹೇಳಲಿಲ್ಲ.

ಪರಿಸ್ಥಿತಿಯನ್ನು ಶಾಂತವಾಗಿ ಪರಿಶೀಲಿಸಿದೆ. ಮೀನು ಸಿಕ್ಕರೆ ನಾಕಾಗಾವಾ-ಸಾನ್ ಅದನ್ನು ಪ್ರೀತಿಯಿಂದ ನಮ್ಮ ಬಾಗಿಲಿಗೆ ತೂಗುಹಾಕುವುದು ಖಂಡಿತ. ಮೀನು ಸಿಗದಿದ್ದರೆ ಯಾರ ಮನಸ್ಸೂ ನೋಯುವುದಿಲ್ಲ, ಮೀನಿನದೂ ಸಹ. ಕೋಲು ನನ್ನದಲ್ಲ, ಸಮುದ್ರ ನನ್ನದಲ್ಲ. ನನ್ನ ಕೈಯಲ್ಲಿರುವುದು ಬಣ್ಣ ಒಂದೇ. ಆದ್ದರಿಂದ ಯಾವ ಬಣ್ಣಕ್ಕೆ ಮೀನು ಬೀಳುವುದೇ ಇಲ್ಲವೋ ಆ ಬಣ್ಣವನ್ನು ಕಂಡುಹಿಡಿಯಬೇಕು! ಜಗತ್ತಿನ ಮೀನುಗಾರರೆಲ್ಲ ಬೀಳುವ ಬಣ್ಣವನ್ನು ಹುಡುಕುತ್ತಾರೆ. ಬೀಳದ ಬಣ್ಣವನ್ನು ಹುಡುಕಿದವನು ಬಹುಶಃ ನಾನೊಬ್ಬನೇ.

ಅಂತರ್ಜಾಲದಲ್ಲಿ ಮೂಲಗಳಿಗೆ ಕೊರತೆ ಇರಲಿಲ್ಲ. ಬೆಳದಿಂಗಳಿದ್ದರೆ ಮುತ್ತಿನ ಬಿಳಿ ಎಂದರು ಒಬ್ಬರು. ನೀರು ಕದಡಿದ್ದರೆ ಗಿಳಿಹಸಿರು ಎಂದರು ಇನ್ನೊಬ್ಬರು. ಕೆಂಪು ತಲೆ, ಬಿಳಿ ಮೈ ಇದ್ದರೆ ಯಾವ ರಾತ್ರಿಯೂ ಮೋಸವಿಲ್ಲ ಎಂದರು ಮತ್ತೊಬ್ಬರು. ಬಣ್ಣಕ್ಕೂ ಮೀನಿಗೂ ಸಂಬಂಧವೇ ಇಲ್ಲ, ಎಲ್ಲ ಅಂಗಡಿಯವರ ಹುನ್ನಾರ ಎಂದು ಇನ್ನೂ ಒಬ್ಬರು ಮೂವತ್ತು ಬಣ್ಣದ ಲ್ಯೂರುಗಳ ಮುಂದೆ ಕುಳಿತು ಹೇಳಿದರು. ಮೀನು ಪ್ರತಿಕ್ರಿಯೆಗೆ ಲಭ್ಯವಿರಲಿಲ್ಲ.

ಕೊನೆಗೆ ಮನೆಯಲ್ಲೇ ಇರುವ ತಜ್ಞರನ್ನು ಕೇಳಿದೆ.

"ಶೈಲಾ, ರಾತ್ರಿ ಹೊತ್ತು ಕಣ್ಣಿಗೇ ಕಾಣದ ಬಣ್ಣ ಯಾವುದು?"

ಅವಳು ಒಂದು ಕ್ಷಣವೂ ಯೋಚಿಸಲಿಲ್ಲ. "ಬದನೆಕಾಯಿ ಕಲರ್. ನಮ್ ಚಿಕ್ಕಪ್ಪನ ಮಗಳ ರಿಸೆಪ್ಷನ್ನಿಗೆ ಉಟ್ಟಿರ್ಲಿಲ್ವಾ? ಅಷ್ಟು ಒಳ್ಳೆ ಸೀರೆ! ಫೋಟೋಲಿ ನೋಡಿದ್ರೆ ಸೀರೆನೂ ಇಲ್ಲ, ನಾನೂ ಇಲ್ಲ. ಬರೀ ಮುಖ ತೇಲ್ತಾ ಇತ್ತು."

"ಖಚಿತವಾ?"

"ಅಮ್ಮನ್ನ ಕೇಳಿ ಬೇಕಾದ್ರೆ."

ಎರಡು ಮೂಲಗಳಾದವು. ತೀರ್ಮಾನ ಅಂತಿಮ.

ಅಂಗಡಿಗೆ ಶೈಲಾಳೂ ಬಂದಳು. ಬಣ್ಣ ತರಲು ನನ್ನೊಬ್ಬನನ್ನೇ ಕಳಿಸಿ ಅವಳು ಹಿಂದೊಮ್ಮೆ ಅನುಭವಿಸಿದ್ದಾಳೆ. ಬಾಗಿಲಲ್ಲಿ ಹಣೆಯ ಉಷ್ಣತೆ ನೋಡಿ, ಕೈಗೆ ಸ್ಯಾನಿಟೈಸರ್ ಸುರಿದು ಒಳಗೆ ಬಿಟ್ಟರು. ಒಂದು ಗೋಡೆಯ ತುಂಬ ಲ್ಯೂರುಗಳು, ಮೇಲಿನಿಂದ ಕೆಳಗಿನವರೆಗೆ, ಬಣ್ಣದ ಸಾಲು ಹಿಡಿದು. ಶೈಲಾ ಅದರ ಮುಂದೆ ನಿಂತು, ಎಷ್ಟೋ ದಿನಗಳ ನಂತರ ಊರಿಗೆ ಬಂದವಳ ಹಾಗೆ ಉಸಿರು ಬಿಟ್ಟಳು.

"ರೀ, ಥೇಟ್ ನಮ್ ಚಿಕ್ಕಪೇಟೆ ಮ್ಯಾಚಿಂಗ್ ಸೆಂಟರು!"

ಬ್ಲೌಸ್ ಪೀಸ್ ಆರಿಸುವ ಕ್ರಮದಲ್ಲೇ ಕೆಲಸ ಶುರುವಾಯಿತು. ಈರುಳ್ಳಿ ಸಿಪ್ಪೆ ಬಣ್ಣವನ್ನು ಪಕ್ಕಕ್ಕೆ ಸರಿಸಿದಳು. ರಾಣಿ ಪಿಂಕನ್ನು ಸ್ವಲ್ಪ ಹೊತ್ತು, ಕೆಲಸಕ್ಕೆ ಬಾರದಿದ್ದರೂ, ಸುಮ್ಮನೆ ಹಿಡಿದುಕೊಂಡಿದ್ದಳು. ಬದನೆಕಾಯಿ ಬಣ್ಣದಲ್ಲಿ ಮೂರು ಸಿಕ್ಕವು. ಒಂದರ ಹೊಟ್ಟೆಯಲ್ಲಿ ಜರಿಯಂಥ ಹೊಳಪು. ಬೇಡ. ಉಳಿದ ಎರಡರಲ್ಲಿ ಯಾವುದು ಅಪ್ಪಟ ಬದನೆಕಾಯಿ ಎಂಬ ಪ್ರಶ್ನೆ ಎದ್ದಿತು.

"ಟ್ಯೂಬ್‌ಲೈಟಲ್ಲಿ ಬಣ್ಣ ಗೊತ್ತಾಗಲ್ಲ ರೀ. ಹೊರಗೆ ಬೆಳಕಿಗೆ ತಗೊಂಡೋಗಿ ನೋಡೋಣ, ಬನ್ನಿ."

ಬೆಂಗಳೂರಿನಲ್ಲಿ ಇದು ಸರ್ವಮಾನ್ಯ ಪದ್ಧತಿ. ಬಟ್ಟೆಯನ್ನು ಬೀದಿಗೆ ತಂದು, ಬಿಸಿಲಿಗೆ ಹಿಡಿದು, ದಾರಿಹೋಕರ ಅಭಿಪ್ರಾಯವನ್ನೂ ಪಡೆದು ಒಳಗೆ ಹೋಗುತ್ತೇವೆ. ಅಂಗಡಿಯವನು ತಲೆಯೆತ್ತಿ ಕೂಡ ನೋಡುವುದಿಲ್ಲ. ನಾವು ಆ ಪದ್ಧತಿಯಂತೆ ಎರಡು ಲ್ಯೂರುಗಳನ್ನು ಕೈಯಲ್ಲಿ ಹಿಡಿದು ಬಾಗಿಲು ದಾಟಿದೆವು.

ಕಟ್ಟಡವೇ ಕಿರುಚಿಕೊಂಡಿತು!

ಮೇಲೆ ಕೆಂಪು ದೀಪ ತಿರುಗತೊಡಗಿತು. ಒಬ್ಬ ಸಿಬ್ಬಂದಿ ಓಡಿಬಂದು, ನಮಗಿಂತ ಮೊದಲು ತಾನೇ ಕ್ಷಮೆ ಕೇಳಿದ. ನಾವೂ ಸುಮಿಮಾಸೆನ್ ಎಂದೆವು. ಅವನು ಇನ್ನಷ್ಟು ಬಗ್ಗಿದ. ನಾವೂ ಬಗ್ಗಿದೆವು. ಅಲಾರಂ ಕಿರುಚುತ್ತಲೇ ಇತ್ತು.

"ಕದಿಯುತ್ತಿರಲಿಲ್ಲ. ಬಿಸಿಲಿನಲ್ಲಿ ಬಣ್ಣ ನೋಡಬೇಕಿತ್ತು" ಎಂದು ಅವರ ಭಾಷೆಯಲ್ಲಿ ವಿವರಿಸಿದೆ.

"ಹೌದೇ. ಹಗಲಿನಲ್ಲಿ ಹಿಡಿಯುತ್ತೀರಾ?"

"ಇಲ್ಲ. ರಾತ್ರಿ."

ಅವನು ಮಾಸ್ಕಿನ ಹಿಂದೆ ದೀರ್ಘವಾಗಿ ಉಸಿರೆಳೆದುಕೊಂಡ. ಕತ್ತಲಲ್ಲಿ ಬಳಸುವ ವಸ್ತುವನ್ನು ಬಿಸಿಲಿನಲ್ಲಿ ಪರೀಕ್ಷಿಸುವ ಗಿರಾಕಿಯನ್ನು ಅವನು ಈವರೆಗೆ ಕಂಡಿರಲಾರ. ಆದರೂ ನಮ್ಮ ಮರ್ಯಾದೆ ಕಾಪಾಡುವುದು ಅವನ ಕರ್ತವ್ಯವಾಗಿತ್ತು. ಸಾಮಾನು ಕೋಣೆಯ ದೀಪ ಆರಿಸಿ ತೋರಿಸಬಹುದಿತ್ತು, ಆದರೆ ಮುಚ್ಚಿದ ಜಾಗದಲ್ಲಿ ಮೂವರು ನಿಲ್ಲುವಂತಿಲ್ಲ, ಕೊರೋನಾ ನಿಯಮ ಎಂದ. ಸ್ವಲ್ಪ ಯೋಚಿಸಿ, ಒಳಗಿನಿಂದ ಒಂದು ದೊಡ್ಡ ಖಾಲಿ ರಟ್ಟಿನ ಪೆಟ್ಟಿಗೆ ತಂದ. ಒಳಗೆ ಸ್ಯಾನಿಟೈಸರ್ ಸಿಂಪಡಿಸಿ, "ದಯವಿಟ್ಟು ಇದರೊಳಗೆ ತಲೆ ಹಾಕಿ" ಎಂದ.

ನಡು ಮಧ್ಯಾಹ್ನ, ಅಂಗಡಿಯ ನಟ್ಟನಡುವೆ, ನಾನು ರಟ್ಟಿನ ಪೆಟ್ಟಿಗೆಯನ್ನು ತಲೆಯ ಮೇಲೆ ಕವುಚಿಕೊಂಡು, ಎರಡು ಸುಳ್ಳು ಮೀನುಗಳನ್ನು ಒಂದೊಂದಾಗಿ ಒಳಕ್ಕೆ ತೂರಿಸಿಕೊಂಡು ಪರೀಕ್ಷಿಸಿದೆ.

"ಕಾಣ್ತಿದೆಯಾ?" ಹೊರಗಿನಿಂದ ಶೈಲಾಳ ದನಿ.

"ಮೊದಲನೇದು ಸ್ವಲ್ಪ ಕಾಣ್ತಿದೆ."

"ಎರಡನೇದು?"

"ಏನೂ ಕಾಣ್ತಿಲ್ಲ! ನನ್ನ ಕೈ ಕೂಡ ಕಾಣ್ತಿಲ್ಲ!"

"ಅದೇ ಅದೇ! ಅದನ್ನೇ ತಗೊಳ್ಳಿ!"

ನಾನು ಪೆಟ್ಟಿಗೆಯಿಂದ ಹೊರಬಂದು, "ಇದು ಏನೂ ಕಾಣುವುದಿಲ್ಲ. ಇದನ್ನೇ ಕೊಡಿ" ಎಂದು ಸಂತೋಷದಿಂದ ಹೇಳಿದೆ. ಸಿಬ್ಬಂದಿ ನನ್ನನ್ನೂ ಲ್ಯೂರನ್ನೂ ನೋಡಿ, "ಆದರೆ, ಮೀನು ಕೆಳಗಿನಿಂದ ನೋಡುವಾಗ..." ಎಂದು ಏನೋ ಶುರುಮಾಡಿದ. "ಅರಿಗಾತೋ, ಅರಿಗಾತೋ" ಎಂದು ಧನ್ಯವಾದ ಹೇಳಿ ನಾನು ಹಣ ಕೊಟ್ಟು ಹೊರಟೆ. ಮೂಲ ಮಾತಾಡುತ್ತಿರುವಾಗ ಅರ್ಧಕ್ಕೆ ಎದ್ದು ಬಂದ ವರದಿಗಾರರಿಗೆ ನಾನು ಹಿಂದೆ ಬೈದಿದ್ದೇನೆ.

ಶನಿವಾರ ಸಂಜೆ ನಾಕಾಗಾವಾ-ಸಾನ್ ಕಾರಿನ ನಾಲ್ಕೂ ಕಿಟಕಿ ತೆರೆದು, ಮಾಸ್ಕ್ ಹಾಕಿ, ನನ್ನನ್ನು ಹಿಂದಿನ ಸೀಟಿನ ಮೂಲೆಯಲ್ಲಿ ಕೂರಿಸಿಕೊಂಡು ಕುಜುಕುರಿಗೆ ಕರೆದೊಯ್ದರು. ದಾರಿಯುದ್ದಕ್ಕೂ ಗಾಳಿಯ ಸದ್ದಿನಲ್ಲಿ ಇಬ್ಬರೂ ಮಾತಾಡಿದೆವು, ಇಬ್ಬರಿಗೂ ಕೇಳಿಸಲಿಲ್ಲ. ತಲುಪಿದಾಗ ಕತ್ತಲಾಗಿತ್ತು. ಹಣೆಗೆ ದೀಪ, ಎದೆಯವರೆಗೆ ರಬ್ಬರ್ ಪ್ಯಾಂಟು. ನಾನು ನನ್ನ ಬದನೆಕಾಯಿಯನ್ನು ತೆಗೆದು ತೋರಿಸಿದೆ. ಅವರು ಅದನ್ನು ಬೆಳಕಿಗೆ ಹಿಡಿದು, ತಲೆಗಿಂತ ಮೇಲೆತ್ತಿ ಕೆಳಗಿನಿಂದಲೂ ನೋಡಿದರು.

"ಇದನ್ನು ನೀವೇ ಆರಿಸಿದಿರಾ?"

"ಹೌದು. ಹೆಂಡತಿಯ ಸಲಹೆ ಇತ್ತು."

"ಹೌದೇ..." ಎಂದು ತಮ್ಮ ಗಿಳಿಹಸಿರು ಲ್ಯೂರನ್ನು ಕಟ್ಟಿಕೊಂಡು ಅಲೆಗಳ ಕಡೆ ನಡೆದರು. ಅವರಿಗೆ ನನ್ನ ಮೇಲೆ ಕನಿಕರ ಬಂದಿದೆ ಎಂದುಕೊಂಡೆ. ಯೋಜನೆ ಸರಿಯಾಗಿ ನಡೆಯುತ್ತಿತ್ತು.

ನನ್ನ ಮೊದಲ ಎಸೆತ ಹಿಂದಕ್ಕೆ ಹೋಗಿ ಮರಳಿನಲ್ಲಿ ಬಿತ್ತು. ಎರಡನೆಯದು ನನ್ನ ಟೋಪಿಯನ್ನು ತೆಗೆದುಕೊಂಡು ಹೋಯಿತು. ಮೂರನೆಯದು ಕಾಲಿನ ಮುಂದೆಯೇ, ಅಲೆ ಒಡೆಯುವಲ್ಲಿ, ಪಚಕ್ಕೆಂದು ಬಿತ್ತು. ಯಾವ ಮೀನಿಗೂ ಅಪಾಯವಿಲ್ಲದ ಜಾಗ. ನೆಮ್ಮದಿಯಿಂದ ದಾರ ಸುತ್ತತೊಡಗಿದೆ.

ಕೋಲು ಬಿಲ್ಲಿನಂತೆ ಬಾಗಿತು!

ತಪ್ಪಿಸಿಕೊಳ್ಳಲಿ ಎಂದು ದಾರ ಸಡಿಲ ಬಿಟ್ಟೆ. ಅದು ಹೋಗಲಿಲ್ಲ. "ಹೋಗಪ್ಪ, ಹೋಗು ಮಾರಾಯ" ಎಂದು ಕನ್ನಡದಲ್ಲೇ ಕೇಳಿಕೊಂಡೆ. ಅಷ್ಟರಲ್ಲಿ ಅಲೆಯ ನೊರೆಯಿಂದ ನನ್ನ ತೊಡೆಯುದ್ದದ ಏನೋ ಒಂದು ಬೆಳ್ಳಗೆ ಮೇಲೆದ್ದು, ಬಾಯಿ ತೆರೆದು, ತಲೆ ಒದರಿತು. ನಾನು ಹೆದರಿ ಹಿಂದಕ್ಕೆ ಓಡಿದೆ. ಕೋಲು ಕೈಯಲ್ಲೇ ಇತ್ತು. ಕಡಲತೀರದಲ್ಲಿ ದೊಡ್ಡ ಮೀನನ್ನು ದಡಕ್ಕೆ ತರುವ ಸರಿಯಾದ ಕ್ರಮ ಅಲೆಯ ಜೊತೆಗೇ ಹಿಂದಕ್ಕೆ ಸರಿಯುವುದೇ ಎಂದು ಆಮೇಲೆ ತಿಳಿಯಿತು. ನಾನು ಅದನ್ನು ಅನುಭವಿಗಳ ಮಟ್ಟದಲ್ಲಿ ಮಾಡಿದ್ದೆನಂತೆ. ಮೀನು ಮರಳಿನ ಮೇಲೆ ಬಂದು ಬಿದ್ದಿತ್ತು.

ನಾಕಾಗಾವಾ-ಸಾನ್ ಓಡಿಬಂದರು. "ಸುಗೋಯ್! ಮೂರ್ತಿ-ಸಾನ್, ಸುಗೋಯ್!" ಎಂದು ಕೂಗಿದರು. ಅದ್ಭುತ ಎಂದರ್ಥ. ಕತ್ತಲಲ್ಲಿ ಕೆಲಸ ಮಾಡುವುದು ಬಣ್ಣದ ಹೊಳಪಲ್ಲ, ಅದರ ನೆರಳಂತೆ. ಮೀನು ಕೆಳಗಿನಿಂದ ಮೇಲೆ ನೋಡುತ್ತದೆ, ಆಕಾಶದ ಮಂಕು ಬೆಳಕಿಗೆ ಅಡ್ಡವಾಗಿ ಗಾಢ ಬಣ್ಣವೇ ಅಚ್ಚು ಹೊಡೆದಂತೆ ಎದ್ದು ಕಾಣುತ್ತದೆ. "ಗೊತ್ತಿದ್ದವರು ಮಾತ್ರ ಇದನ್ನು ಆರಿಸುತ್ತಾರೆ" ಎಂದರು. ಗೌರವದಿಂದ ಅವರ ದನಿ ತಗ್ಗಿತ್ತು. "ಇದನ್ನು ಬೆಳಿಗ್ಗೆ ಚೊಕ್ಕ ಮಾಡಿ ನಿಮ್ಮ ಮನೆಗೆ ಕೊಡುತ್ತೇನೆ. ನೀವು ಹಿಡಿದುಕೊಳ್ಳಿ, ಫೋಟೋ ತೆಗೆಯುತ್ತೇನೆ."

ಒದ್ದಾಡುವ ಮೀನನ್ನು ತಬ್ಬಿಕೊಂಡು ನಿಂತಾಗ ಫೋನು ಹೊಡೆದುಕೊಂಡಿತು. ಶೈಲಾ! ಊರಿನವರನ್ನು ಸೇರಿಸಿಕೊಂಡು ಆನ್‌ಲೈನ್ ಆರತಿ ಇಟ್ಟುಕೊಂಡಿದ್ದಳು, ಆರತಿ ಹೊತ್ತಿಗೆ ನಾನು ಫೋನಿನಲ್ಲಿ ಹಾಜರಿರಬೇಕೆಂದು ತಾಕೀತು ಮಾಡಿದ್ದಳು. ನನ್ನ ಎರಡೂ ಕೈ ತುಂಬಿತ್ತು. ನಾಕಾಗಾವಾ-ಸಾನ್ ಬಹಳ ಸಹಾಯಕಾರಿ ಮನುಷ್ಯ. ನನ್ನ ಜೇಬಿನಿಂದ ಫೋನು ತೆಗೆದು, ಒತ್ತಿ, ಕ್ಯಾಮೆರಾವನ್ನು ನೇರವಾಗಿ ಮೀನಿನ ಮುಖಕ್ಕೆ ಹಿಡಿದು, ಹಣೆಯ ದೀಪವನ್ನೂ ಅದರ ಮೇಲೆ ಬಿಟ್ಟರು.

ಪರದೆಯ ಮೇಲೆ ಗೊಂಬೆಗಳು, ದೀಪ, ರೇಷ್ಮೆ ಸೀರೆ. ಮೈಸೂರಿನಿಂದ ಅತ್ತೆ. ಜಪಾನಿನದೇ ಒಕಾಜಾಕಿ ಊರಿನಿಂದ ಇಬ್ಬರು ಕನ್ನಡ ವಿಜ್ಞಾನಿಗಳ ಹೆಂಡತಿಯರು. ಹಾಡು ನಿಂತಿತು.

"ಶೈಲಾ," ಅತ್ತೆಯ ದನಿ, "ಅಳಿಯಂದಿರು ಏನೇ ಅದು ಎತ್ಕೊಂಡಿರೋದು?"

"ಅದು... ಅದು ಜಪಾನ್ ವೀಣೆ ಅಮ್ಮ."

"ಬಾಯಿ ತೆಗೀತಾ ಇದೆಯಲ್ಲೇ!"

ಮೀನು ಇನ್ನೊಮ್ಮೆ ಬಾಯಿ ತೆಗೆಯಿತು.

"ರೀ, ಬಿಟ್ಬಿಡಿ ಅದನ್ನ! ಈಗಲೇ!" ಎಂದು ಶೈಲಾ ಆರತಿ ತಟ್ಟೆ ಹಿಡಿದೇ ಕೂಗಿದಳು. ನಾನು ನಾಕಾಗಾವಾ-ಸಾನ್ ಮುಖ ನೋಡಿದೆ. ಹಗಲು ಹೊತ್ತಿನಲ್ಲಿ ಎಷ್ಟು ಸಲ ಬಂದರೂ ಈ ಶರತ್ಕಾಲದಲ್ಲಿ ಅವರಿಗೆ ಒಂದೂ ಮೀನು ಸಿಕ್ಕಿರಲಿಲ್ಲವಂತೆ. ಆ ಸಂತೋಷದ ಮುಖಕ್ಕೆ ಹೇಳುವ ಒಂದು ವಾಕ್ಯವನ್ನು ಮನಸ್ಸಿನಲ್ಲೇ ತಿದ್ದುತ್ತಾ ನಿಂತೆ. ಡೆಸ್ಕಿನ ಅಭ್ಯಾಸ. ಅಷ್ಟರಲ್ಲಿ ಇಂಚರಾಳ ಮುಖ ಪರದೆಯ ತುಂಬ ಬಂದಿತು. ಸ್ವಚ್ಛವಾದ ಜಪಾನಿ ಭಾಷೆಯಲ್ಲಿ, ಶಾಲೆಯಲ್ಲಿ ಕಲಿಸಿದ ವಿನಯದೊಂದಿಗೆ, ಅವಳು ವರದಿ ಒಪ್ಪಿಸಿದಳು.

"ನಾಕಾಗಾವಾ-ಸಾನ್, ನಮಸ್ಕಾರ. ನಾವು ಮೀನು ತಿನ್ನುವುದಿಲ್ಲ. ಮೀನು ಸಿಗಬಾರದು ಅಂತಲೇ ಅಪ್ಪ ಕಾಣದ ಬಣ್ಣ ತಂದಿದ್ದು. ಪೆಟ್ಟಿಗೆಯೊಳಗೆ ತಲೆ ಹಾಕಿ ನೋಡಿ ತಂದರು. ನೀವು ಕೊಟ್ಟ ಒಣಮೀನನ್ನೂ ನಾವು ತಿಂದಿಲ್ಲ."

ನಿಖರ, ಸಂಕ್ಷಿಪ್ತ, ಯಾವ ಅಂಶವೂ ಬಿಟ್ಟುಹೋಗಿರಲಿಲ್ಲ. ನನ್ನ ಕೈಕೆಳಗೆ ಇಂಥ ವರದಿಗಾರರು ಒಬ್ಬರೂ ಇರಲಿಲ್ಲ.

ನಾಕಾಗಾವಾ-ಸಾನ್ ಫೋನನ್ನು ನನ್ನ ಜೇಬಿಗೆ ಹಾಕಿದರು. ಇಕ್ಕಳದಿಂದ ಕೊಕ್ಕೆ ಬಿಡಿಸಿದರು. ಮೀನನ್ನು ಎತ್ತಿಕೊಂಡು ಸೊಂಟದವರೆಗೆ ನೀರಿಗಿಳಿದು, ಅದು ಚೇತರಿಸಿಕೊಳ್ಳುವವರೆಗೆ ಎರಡೂ ಕೈಯಲ್ಲಿ ಹಿಡಿದು ನಿಂತರು. ಅದು ಬಾಲ ಬಡಿದು ಹೋಯಿತು. ಹಿಂದಿರುಗಿ ಬಂದು ಕೋಲು ಮಡಚಿದರು.

ಮರಳುವ ದಾರಿಯಲ್ಲಿ ಕಿಟಕಿಗಳು ತೆರೆದೇ ಇದ್ದವು. ಮಾಸ್ಕು, ಮೂಲಂಗಿ, ಕಿತ್ತಳೆ ಎಲ್ಲ ಮುಗಿಯಿತು ಎಂದು ಕುಳಿತಿದ್ದೆ. ಒಂದು ಸಿಗ್ನಲ್ಲಿನಲ್ಲಿ ಕಾರು ನಿಂತು ಗಾಳಿ ನಿಂತಾಗ ಅವರು ಮುಂದೆ ನೋಡುತ್ತಲೇ ಹೇಳಿದರು.

"ಮೊದಲೇ ಹೇಳಬಹುದಿತ್ತು."

"ನಿಮಗೆ ಬೇಸರವಾಗಬಾರದೆಂದು..."

"ರಾತ್ರಿ ಹೊತ್ತು ಒಬ್ಬನೇ ಸಮುದ್ರಕ್ಕೆ ಹೋಗಬೇಡ ಅಂತ ಬೇರೆ ಊರಿನಲ್ಲಿರುವ ನನ್ನ ಮಗಳ ಕಟ್ಟಪ್ಪಣೆ. ಜೊತೆಗೆ ಯಾರಾದರೂ ನಿಂತಿದ್ದರೆ ಸಾಕಾಗಿತ್ತು ನನಗೆ."

ಅಂದರೆ ನನ್ನನ್ನು ಕರೆದದ್ದು ಮೀನು ಹಿಡಿಯಲು ಅಲ್ಲ. ನಿಂತಿರಲು. ಒಂದು ಕಂಬ ಮಾಡಬಹುದಾದ ಕೆಲಸಕ್ಕೆ ನಾನು ಇಷ್ಟು ಸಂಶೋಧನೆ ಮಾಡಿದ್ದೆ! ಅಷ್ಟರಲ್ಲಿ ಹಸಿರು ದೀಪ ಬಂತು, ಮತ್ತೆ ಗಾಳಿ ಶುರುವಾಯಿತು.

ಮರುದಿನ ಬೆಳಿಗ್ಗೆ ಬಾಗಿಲ ಹಿಡಿಯಲ್ಲಿ ಚೀಲ ತೂಗುತ್ತಿತ್ತು. ಶೈಲಾ ಇಕ್ಕಳದೊಂದಿಗೆ ಸಿದ್ಧಳಾದಳು. ಒಳಗೆ ಹಣ್ಣಾದ ಕಾಕಿಗಳಿದ್ದವು, ನೋಡಲು ಟೊಮೆಟೊ ಹಾಗಿರುವ ಈ ಕಾಲದ ಹಣ್ಣು. ಅವುಗಳ ಕೆಳಗೆ ನನ್ನ ಲ್ಯೂರ್. ಉಪ್ಪುನೀರು ತೊಳೆದು ಒರೆಸಿದ್ದರು. ಎರಡೂ ಕೊಕ್ಕೆಗಳನ್ನು ಬಿಚ್ಚಿ ತೆಗೆದಿದ್ದರು.

ಶೈಲಾ ಅದನ್ನು ಇಕ್ಕಳದಲ್ಲಿ ಎತ್ತಿ ಹಿಡಿದಳು.

"ಕೊಕ್ಕೆ ಬಿಚ್ಚೋಕೆ ಬರುತ್ತಾ ಇದರಲ್ಲಿ?" ಎಂದಳು ಶೈಲಾ.

ಬರುತ್ತದೆ. ಇಕ್ಕಳವಿದ್ದರೆ ಒಂದು ನಿಮಿಷದ ಕೆಲಸ. ಇಕ್ಕಳ ಅವಳ ಕೈಯಲ್ಲೇ ಇತ್ತು. ಅವಳು ಲ್ಯೂರನ್ನು ಬಾಲ್ಕನಿಗೆ ಒಯ್ದು, ಬೆಳಗಿನ ಬಿಸಿಲಿಗೆ ಹಿಡಿದು, ಆ ಕಡೆ ಈ ಕಡೆ ತಿರುಗಿಸಿದಳು.

"ನೋಡಿ! ಅವತ್ತೇ ಹೇಳ್ದೆ ಹೊರಗೆ ನೋಡ್ಬೇಕು ಅಂತ. ಇದು ಬದನೆಕಾಯಿನೇ ಅಲ್ಲ, ನೇರಳೆಹಣ್ಣು! ಅದಕ್ಕೇ ಮೀನು ಬಿದ್ದಿದ್ದು."

ನಮ್ಮ ಮನೆಯ ಮಟ್ಟಿಗೆ ಘಟನೆಯ ಅಧಿಕೃತ ಕಾರಣ ಇದೇ. ನಾನು ನಿರಾಕರಿಸಿಲ್ಲ.

ಈಗ ಶನಿವಾರಗಳಲ್ಲಿ ನಾನು ನಾಕಾಗಾವಾ-ಸಾನ್ ಪಕ್ಕದಲ್ಲಿ ನಿಂತು ಕೊಕ್ಕೆಯಿಲ್ಲದ ನೇರಳೆಯನ್ನು ಎಸೆಯುತ್ತೇನೆ. ಅವರೂ ಅದೇ ಬಣ್ಣ ತಂದಿದ್ದಾರೆ, ಕೊಕ್ಕೆ ಸಹಿತ. ಅವರಿಗೆ ಇನ್ನೂ ಒಂದೂ ಬಿದ್ದಿಲ್ಲ. ಮೀನುಗಳು ನನ್ನದಕ್ಕೇ ಬರುತ್ತವೆ, ಒಮ್ಮೆ ಕಚ್ಚಿ ನೋಡುತ್ತವೆ, ಏನೂ ಇಲ್ಲವೆಂದು ಖಚಿತಪಡಿಸಿಕೊಂಡು ಹೋಗುತ್ತವೆ.

ಬಣ್ಣ ಒಂದನ್ನೇ ನೋಡಿದ ನನಗಿಂತ ವಾಸಿ, ಅವು ಕೊಕ್ಕೆಯನ್ನಾದರೂ ನೋಡುತ್ತವೆ.